ಷರಾ

ಇಪ್ಪತ್ತೆಂಟನೇ ದಿನ, ತೊಂಬತ್ತನೇ ದಿನ, ನೂರ ಎಂಬತ್ತು.
ಆ ದಿನ ಬಂತೆಂದರೆ ನಾನು ಫೋನು ಮಾಡುತ್ತೇನೆ.
ಅತ್ತಾವರದ ಆಸ್ಪತ್ರೆಯ ಹಿಂಬದಿ, ಎಕ್ಸ್‌ರೇ ದಾಟಿ,
ಮೊದಲು ಹಾಸಿಗೆ ಬಟ್ಟೆ ಇಡುತ್ತಿದ್ದ ಕೋಣೆ ನನ್ನದು:
ಒಂದು ಮೇಜು, ಬೀಗವಿರುವ ಕಪಾಟು,
ಕಪಾಟಿನೊಳಗೆ ಇನ್ನೂರ ಹನ್ನೆರಡು ಜನ.

ಚಿಕೂನ್‌ಗುನ್ಯಾ ಬಂದು ಹೋದವರು.
ಹೋಯಿತು ಎನ್ನುವುದು ರಕ್ತದ ವರದಿಯ ಮಾತು.
ಕೊನೆಯ ಪುಟದಲ್ಲಿ ಮೂರು ಚೌಕ:
ಗುಣವಾಗಿದೆ. ತೀರಿಕೊಂಡಿದ್ದಾರೆ. ಸಂಪರ್ಕಕ್ಕೆ ಸಿಗಲಿಲ್ಲ.

ನಲವತ್ತೊಂದು ಸಿಗದೆ ಎರಡು ತಿಂಗಳು.
ಧಕ್ಕೆಯಲ್ಲಿ ಬೋಟು ಹತ್ತುವ ಹುಡುಗ, ಶ್ರೀಕಾಕುಳಂ ಕಡೆಯವ.
ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ
ಎನ್ನುತ್ತಾಳೆ ಫೋನಿನೊಳಗಿನವಳು, ಪ್ರತಿ ಸಲ ಅದೇ ಮರ್ಯಾದೆಯಲ್ಲಿ.
ಸರಿ, ಹೊರಗೇ ಇದ್ದಾನೆ.
ಬಾತ ಮೊಣಕಾಲಲ್ಲಿ ಅಲೆಯ ಮೇಲೆ ಹೇಗೆ ನಿಲ್ಲುತ್ತಾನೋ.

ಎಂಬತ್ತೇಳನ್ನು ವಾರಿಜಕ್ಕ ಎನ್ನೋಣ. ಅದು ಅವಳ ಹೆಸರಲ್ಲ.
ಪಕ್ಕಲಡ್ಕದವಳು.
ಮೊದಲ ದಿನ ಕೇಳಿದ್ದೆ: ಬೀಡಿ ಸೇದುವುದುಂಟಾ?
"ಕಟ್ಟುವುದು, ಮಾರಾಯ್ತಿ. ಸೇದುವವರು ಬೇರೆ."
ಇಲ್ಲ ಎಂದು ಗುರುತು ಹಾಕಿದೆ.

ಇಪ್ಪತ್ತೆಂಟನೇ ದಿನ:
ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು?
"ನೂರ ಐವತ್ತು."
ಹತ್ತರೊಳಗೆ, ಅಕ್ಕಾ.
"ಹತ್ತು ಎಂಥಕ್ಕೆ? ಜ್ವರಕ್ಕೆ ಮೊದಲು ದಿನಕ್ಕೆ ಎಂಟುನೂರು ಕಟ್ಟುತ್ತಿದ್ದೆ.
ಈಗ ಕತ್ತಲಾಗುವಷ್ಟರಲ್ಲಿ ನೂರ ಐವತ್ತು.
ಎಲೆ ಕತ್ತರಿಸಬಹುದು. ಸುತ್ತಬಹುದು, ಹೇಗಾದರೂ.
ತುದಿ ಮಡಚಲಿಕ್ಕೆ ಈ ಹೆಬ್ಬೆರಳು ಕೇಳುವುದಿಲ್ಲ.
ಬ್ರಾಂಚಿನವ ಅರ್ಧ ಬಿಸಾಡ್ತಾನೆ, ಬಾಯಿ ಬಿಟ್ಟಿದೆ ಅಂತ."
ಏಳು ಎಂದು ಬರೆದೆ.
ಷರಾ ಎಂಬ ಬೆರಳಗಲದ ಕಾಲಮಿನಲ್ಲಿ ೧೫೦.
ಅಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೇನೆ, ಎಂದೂ ಹೇಳಿದೆ.
"ಪೆನ್ನಿಗೆ ಶಾಯಿ ಇಲ್ಲವಾ ನಿಮಗೆ?"

ತೊಂಬತ್ತನೇ ದಿನ ಮುನ್ನೂರ ಹತ್ತು.
ಆಮೇಲೆ ಯಾವ ಲೆಕ್ಕಕ್ಕೂ ಸೇರದ ಒಂದು ಮಂಗಳವಾರ ಅವಳೇ ಕರೆದಳು:
"ನಾಲ್ಕುನೂರು! ಬರ್ಕೊಳ್ಳಿ."
ಬರೆಯುವ ಹಾಗಿಲ್ಲ, ದಿನ ತಪ್ಪಿದೆ. ಬರೆದುಕೊಂಡೆ.
ಮರುವಾರ ಗೊತ್ತಾಯಿತು, ಅದರಲ್ಲಿ ಇನ್ನೂರು
ಒಂಬತ್ತನೇ ಕ್ಲಾಸಿನ ಮಗಳದ್ದು,
ಶಾಲೆ ಬಿಟ್ಟು, ಅಮ್ಮನ ಮೊರದ ಆಚೆ ಬದಿ ಕೂತು.
ಆ ಹುಡುಗಿಗೆ ಜ್ವರವೇ ಬಂದಿಲ್ಲ.
ಅವಳಿಗೆ ನಂಬರಿಲ್ಲ.

ಲೆಕ್ಕ ನೋಡುವ ರೋಯ್ಡನ್ ಕೇಳಿದ,
"ಇದೆಂಥ ಸಿಸ್ಟರ್? ಪ್ಲೇಟ್‌ಲೆಟ್ಟಾ?"
ಬೀಡಿ, ಅಂದೆ.
ನಗುತ್ತಾನೆ ಅಂದುಕೊಂಡಿದ್ದೆ. "ಎಲ್ಲರದ್ದೂ ಉಂಟಾ?"
ಎಲ್ಲಿಂದ. ಒಬ್ಬಳು ಕೊಯ್ದ ಬಂಗುಡೆ ಎಣಿಸುತ್ತಾಳೆ,
ಇಪ್ಪತ್ತೇಳನೇ ನಂಬರು ಬಸ್ಸಿನ ಡ್ರೈವರ್ ಗೇರು ಬದಲಿಸಿದ್ದನ್ನು,
ಕುದ್ರೋಳಿಯ ಹಿರಿಯರೊಬ್ಬರು
ಕುರ್ಚಿ ಬಿಟ್ಟು ನೆಲದಲ್ಲೇ ಮುಗಿಸಿದ ನಮಾಜನ್ನು.
"ಬೇರೆ ಬೇರೆ ಅಳತೆ. ಕೂಡಿಸಲಿಕ್ಕೆ ಬರುವುದಿಲ್ಲ," ಎಂದ,
ಹೇಳಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.

ಲೇಖನ ಹೋಯಿತು. ನಾಲ್ಕನೇ ಪಟ್ಟಿ, ಮೂರನೇ ಸಾಲು:
ಆರು ತಿಂಗಳಲ್ಲಿ ಗುಣವಾದವರು ನೂರಕ್ಕೆ ಎಪ್ಪತ್ತೊಂದು.
ಸುಳ್ಳಲ್ಲ. ಒಂದೊಂದು ಗುರುತೂ ನನ್ನ ಕೈಯದ್ದು.
ಎಂಬತ್ತೇಳೂ ಅದರಲ್ಲಿದೆ.

ನಿನ್ನೆ ಮತ್ತೆ ಅವಳ ಫೋನು.
ಎಷ್ಟನೇ ದಿನವೋ, ಎಣಿಸುವುದು ಬಿಟ್ಟಿದ್ದೇನೆ.
"ಆರುನೂರ ಇಪ್ಪತ್ತು."
ಎಲ್ಲ ನಿಮ್ಮದೇ ಕೈಯಾ, ಅಕ್ಕಾ?
ಮೊರದಲ್ಲಿ ಕತ್ತರಿ ಇಟ್ಟ ಸದ್ದಾಯಿತು.
"ಪೆನ್ಸಿಲಿನಲ್ಲೇ ಬರೀರಿ," ಎಂದಳು.